ಮೊಬೈಲ್ ಕಳೆದರೆ ಖಾತೆಯೂ ಹೋದಂತೆಯೆ? ಅಥೆಂಟಿಕೇಟರ್ ಆ್ಯಪ್ ಬಳಸಿದವರ ಅನುಭವ ಬೇಕು

ಬಳ್ಳಾರಿಯಿಂದ ಪ್ರಶ್ನೆ

ನಾನು ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮಾಲು ಗಾಡಿಗೆ ಏರುವ ಹೊತ್ತಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯಡಿ ಬೇಕಾದ ಆನ್‌ಲೈನ್ ಪತ್ರ) ತೆಗೆಯಬೇಕಾಗುತ್ತದೆ. ಲಾಗಿನ್ ಆಗುವಾಗ ಬರುವ ಓಟಿಪಿ ನಮ್ಮ ಸಾಹುಕಾರರ ಮೊಬೈಲಿಗೆ ಹೋಗುತ್ತದೆ. ಅವರು ಮದುವೆ ಮನೆಯಲ್ಲೋ ಪರವೂರಿನ ದಾರಿಯಲ್ಲೋ ಇದ್ದು ಕರೆ ಸ್ವೀಕರಿಸದಿದ್ದರೆ ಗಾಡಿ ಬಾಗಿಲಲ್ಲೇ ನಿಂತಿರುತ್ತದೆ. ಘಟಕದ ಜಿಮೇಲ್ ಖಾತೆಯದೂ ಇದೇ ಪಾಡು. ಲಾಗಿನ್‌ಗೆ ಬೇಕಾದ ಸಂಖ್ಯೆಯನ್ನು ಮೊಬೈಲಿನಲ್ಲೇ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡರೆ ಎಸ್‌ಎಂಎಸ್‌ಗಾಗಿ ಕಾಯುವುದು ತಪ್ಪುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಆದರೆ ಆ್ಯಪ್ ಇರುವ ಮೊಬೈಲೇ ಕಳೆದುಹೋದರೆ ಏನು ಮಾಡಬೇಕು ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಬಳಸಿ ನೋಡಿದವರು ದಯವಿಟ್ಟು ತಿಳಿಸಬೇಕು.

ಕಾರಟಗಿಯಿಂದ

ತಾವು ಎರಡು ಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಬಿಚ್ಚಿ ನೋಡಿದರೆ ಅರ್ಧ ಚಿಂತೆ ಕಳೆಯುತ್ತದೆ. ನಾನು ಅಕ್ಕಿ ಗಿರಣಿಯಲ್ಲಿ ಇದೇ ಕೆಲಸ ಮಾಡುವವನು. ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ತಾಣಗಳಲ್ಲಿ ಪಾಸ್‌ವರ್ಡಿನ ಜೊತೆಗೆ ಓಟಿಪಿ ಕೊಡುವ ಕ್ರಮವು, ವಾರ್ಷಿಕ ವಹಿವಾಟು 20 ಕೋಟಿ ರೂಪಾಯಿ ಮೀರಿದವರಿಗೆ 2025ರ ಜನವರಿ 1ರಿಂದ, 5 ಕೋಟಿ ಮೀರಿದವರಿಗೆ ಫೆಬ್ರುವರಿ 1ರಿಂದ, ಉಳಿದವರಿಗೆಲ್ಲ ಏಪ್ರಿಲ್ 1ರಿಂದ ಕಡ್ಡಾಯವಾಯಿತು. ಓಟಿಪಿ ಪಡೆಯಲು ಅಲ್ಲಿ ಮೂರು ದಾರಿಗಳಿವೆ: ಎಸ್‌ಎಂಎಸ್, ಸಂದೇಸ್ ಎಂಬ ಸರ್ಕಾರಿ ಸಂದೇಶ ಆ್ಯಪ್ ಮತ್ತು ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಎಂಬ ಆ್ಯಪ್. ಮೂರನೆಯದು ತಾವು ಕೇಳಿದ ಬಗೆಯದೇ. 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ತೋರಿಸುತ್ತದೆ, ಇಂಟರ್‌ನೆಟ್ ಬೇಕಿಲ್ಲ. ಅದನ್ನು ಆ ತಾಣದಲ್ಲಿರುವ ಕೊಂಡಿಯಿಂದಲೇ ಇಳಿಸಿಕೊಳ್ಳಬೇಕು. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ಫೈಲಿನಿಂದ ಬೇಡ.

ಆದರೆ ತಮ್ಮ ನಿಜವಾದ ತೊಂದರೆ ಓಟಿಪಿಯದ್ದಲ್ಲ, ಸಾಹುಕಾರರ ಲಾಗಿನ್‌ನಲ್ಲಿ ತಾವು ಕೆಲಸ ಮಾಡುತ್ತಿರುವುದು. ಅವರ ಖಾತೆಯ ಅಡಿಯಲ್ಲಿ ತಮ್ಮನ್ನು ಸಬ್ ಯೂಸರ್ (ಪ್ರತ್ಯೇಕ ಲಾಗಿನ್ ಇರುವ ಉಪಬಳಕೆದಾರ) ಆಗಿ ಸೇರಿಸಿ ತಮ್ಮದೇ ಮೊಬೈಲ್ ನಂಬರ್ ಕೊಟ್ಟರೆ, ತಮ್ಮ ಓಟಿಪಿ ತಮಗೇ ಬರುತ್ತದೆ. ನಮ್ಮಲ್ಲಿ ಸುಗ್ಗಿಯ ಹೊತ್ತಿಗೆ ದಿನಕ್ಕೆ ಹತ್ತಾರು ಲೋಡು ಹೋಗುತ್ತವೆ. ಸಬ್ ಯೂಸರ್ ಮಾಡಿಸುವುದಕ್ಕೆ ಮೊದಲು ಮಾಲೀಕರು ಊಟಕ್ಕೆ ಕುಳಿತಲ್ಲಿಂದ ಸಂಖ್ಯೆ ಹೇಳುವುದು, ನಾನು ತಪ್ಪು ಕೇಳಿಸಿಕೊಳ್ಳುವುದು, ಮತ್ತೆ ಕರೆ ಮಾಡುವುದು, ಅವರು ಸಿಡುಕುವುದು ನಿತ್ಯದ ಪಾಠವಾಗಿತ್ತು.

ಜಿಮೇಲಿಗೆ ಮಾತ್ರ ಗೂಗಲ್ ಅಥೆಂಟಿಕೇಟರ್‌ನಂಥ ಸಾಮಾನ್ಯ ಆ್ಯಪ್ ಬೇಕು. ಅದರ ಬಗ್ಗೆ ನನಗಿಂತ ಬಲ್ಲವರು ಬರೆಯಲಿ.

ರಾಯಚೂರಿನಿಂದ

ಮೊಬೈಲ್ ಕಳೆದುಕೊಂಡ ಅನುಭವ ನನ್ನದು. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ, ಹೀಗಾಗಿ ಇದರಲ್ಲಿ ನಾನು ಎಡವಲಾರೆ ಎಂಬ ಭ್ರಮೆಯೂ ಇತ್ತು. ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಜೇಬಿನಿಂದ ಮೊಬೈಲ್ ಹೋಯಿತು. ಅದರಲ್ಲಿದ್ದ ಅಥೆಂಟಿಕೇಟರ್‌ನಲ್ಲಿ ಎರಡು ಖಾತೆಗಳಿದ್ದವು: ಒಂದು ಜಿಮೇಲ್, ಇನ್ನೊಂದು ವಿದ್ಯಾರ್ಥಿಗಳ ಪ್ರಾಜೆಕ್ಟುಗಳನ್ನು ಸಂಗ್ರಹಿಸಿಡುತ್ತಿದ್ದ ಒಂದು ತಾಣ.

ಗೂಗಲ್ ಖಾತೆಯಲ್ಲಿ ಎರಡು ಹಂತದ ದೃಢೀಕರಣ (ಪಾಸ್‌ವರ್ಡಿನ ಜೊತೆ ಇನ್ನೊಂದು ಪುರಾವೆ ಕೇಳುವ ಕ್ರಮ) ಹಾಕಿಕೊಂಡವರು, ಮೊಬೈಲ್ ಕೈಯಲ್ಲಿಲ್ಲದಾಗ ಒಳಹೋಗಲು ಬ್ಯಾಕಪ್ ಕೋಡುಗಳನ್ನು ಪಡೆದುಕೊಳ್ಳಬಹುದು. ಒಟ್ಟು ಹತ್ತು ಕೋಡು, ಒಂದೊಂದೂ ಎಂಟು ಅಂಕಿಯದು, ಒಂದನ್ನು ಒಮ್ಮೆ ಮಾತ್ರ ಬಳಸಲು ಸಾಧ್ಯ. ನಾನು ಅವನ್ನು ಮುದ್ರಿಸಿ ಅಂಕಪಟ್ಟಿಗಳ ಕಡತದಲ್ಲಿ ಇಟ್ಟಿದ್ದೆ. ಆ ಸಂಜೆಯೇ ಮನೆಯ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಕೊಟ್ಟು, ಒಂದು ಕೋಡನ್ನು ಬಳಸಿ ಒಳಹೊಕ್ಕು, ಕಳೆದ ಮೊಬೈಲನ್ನು ಖಾತೆಯಿಂದ ಹೊರಹಾಕಿ, ಹಳೆಯ ಅಥೆಂಟಿಕೇಟರ್ ಸಂಬಂಧವನ್ನು ಕಡಿದು ಹೊಸ ಮೊಬೈಲಿಗೆ ಹೊಸದಾಗಿ ಜೋಡಿಸಿದೆ. ಕಾಲು ಗಂಟೆಯ ಕೆಲಸ.

ಇನ್ನೊಂದು ತಾಣವೂ ಇಂಥದೇ ಕೋಡುಗಳನ್ನು ಕೊಟ್ಟಿತ್ತು. ನಾನು ಅವನ್ನು ಇಳಿಸಿಕೊಂಡೂ ಇದ್ದೆ. ಎಲ್ಲಿಗೆ? ಅದೇ ಮೊಬೈಲಿಗೆ. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಒತ್ತಿದಂತಾಯಿತು. ಕೋಡುಗಳಿಲ್ಲದೆ ಖಾತೆಯನ್ನು ಮರಳಿಸಲಾಗದು ಎಂದು ಆ ತಾಣದವರು ಮೊದಲೇ ಬರೆದಿದ್ದರು, ಅದರಂತೆಯೇ ನಡೆದುಕೊಂಡರು. ಮೂರು ವರ್ಷದ ಕೆಲಸ ಇಂದಿಗೂ ಅಲ್ಲಿ ಕಾಣುತ್ತದೆ, ಆದರೆ ಒಂದಕ್ಷರ ತಿದ್ದಲು ನನಗೆ ಅಧಿಕಾರವಿಲ್ಲ.

ಗೂಗಲ್ ಅಥೆಂಟಿಕೇಟರ್ 2023ರ ಏಪ್ರಿಲ್‌ನಿಂದ ತನ್ನಲ್ಲಿರುವ ಖಾತೆಗಳನ್ನು ಗೂಗಲ್ ಖಾತೆಯಲ್ಲಿ ಉಳಿಸುವ ಅನುಕೂಲ ಕೊಟ್ಟಿದೆ. ಅದಕ್ಕೆ ಮೊದಲು ಎಲ್ಲವೂ ಆ ಒಂದು ಮೊಬೈಲಿನಲ್ಲಷ್ಟೇ ಇರುತ್ತಿತ್ತು. ಈ ಅನುಕೂಲವನ್ನು ನಾನು ಬಳಸುತ್ತೇನೆ, ಆದರೆ ಜಿಮೇಲಿನ ಮಟ್ಟಿಗೆ ಇದನ್ನು ನಂಬಿ ಕೂರಬಾರದು. ಏಕೆಂದರೆ ಉಳಿಸಿದ್ದನ್ನು ಮರಳಿ ಪಡೆಯಲು ಮೊದಲು ಆ ಖಾತೆಯೊಳಗೇ ಹೋಗಬೇಕಾಗುತ್ತದೆ. ಆದ್ದರಿಂದ ಕಾಗದದ ಮೇಲಿನ ಆ ಹತ್ತು ಕೋಡುಗಳೇ ನನ್ನ ಮಟ್ಟಿಗೆ ಮೊದಲ ಕೆಲಸ, ಆ್ಯಪ್ ಎರಡನೆಯದು.

ಸಂಡೂರಿನಿಂದ

ಗುಡ್ಡದ ಮರೆಯಲ್ಲಿರುವ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗಬೇಕಾದರೆ ಮಾಳಿಗೆ ಹತ್ತಬೇಕು. ಎಸ್‌ಎಂಎಸ್ ಬರುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತದೆ. ನನಗೆ ಈ ಆ್ಯಪ್ ವರವಾಗಿರುವುದು ಇದೇ ಕಾರಣಕ್ಕೆ. ಸಿಮ್ ತೆಗೆದಿಟ್ಟರೂ ಇದು ಸಂಖ್ಯೆ ತೋರಿಸುತ್ತದೆ. ಮೊದಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವಾಗ ಒಂದು ಗುಪ್ತ ಕೀಲಿ ಮೊಬೈಲಿಗೆ ಬಂದು ಸೇರುತ್ತದೆ. ಆ ಕೀಲಿಯನ್ನೂ ಆ ಕ್ಷಣದ ಸಮಯವನ್ನೂ ಕೂಡಿಸಿ ಲೆಕ್ಕ ಹಾಕಿ ಆರು ಅಂಕಿಯ ಸಂಖ್ಯೆ ಹುಟ್ಟಿಸಲಾಗುತ್ತದೆ. ಅತ್ತ ಸರ್ವರ್ ಕೂಡ ಅದೇ ಲೆಕ್ಕ ಹಾಕುತ್ತದೆ. ಎರಡೂ ತಾಳೆಯಾದರೆ ಬಾಗಿಲು ತೆರೆಯುತ್ತದೆ. ಈ ಲೆಕ್ಕದ ವಿಧಾನ 2011ರಲ್ಲಿ ಮುಕ್ತ ಮಾನಕವಾಗಿ ಪ್ರಕಟವಾದದ್ದರಿಂದ ಯಾವ ಕಂಪನಿಯ ಆ್ಯಪ್ ಆದರೂ ಹೆಚ್ಚಿನ ತಾಣಗಳಿಗೆ ನಡೆಯುತ್ತದೆ.

ಒಮ್ಮೆ ಎರಡು ದಿನ ಯಾವ ಸಂಖ್ಯೆ ಹಾಕಿದರೂ ತಪ್ಪು ಎಂದು ಬರತೊಡಗಿತು. ಖಾತೆಗೆ ಯಾರೋ ಕನ್ನ ಹಾಕಿದರೆಂದು ಗಾಬರಿಯಾದೆ. ಕೊನೆಗೆ ತಿಳಿದದ್ದೇನೆಂದರೆ, ಮಗ ಯಾವುದೋ ಆಟದಲ್ಲಿ ಬೇಗ ಜೀವ ಪಡೆಯಲು ಮೊಬೈಲಿನ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದ್ದ! ದಿನಾಂಕ ಮತ್ತು ಸಮಯವನ್ನು ‘ಸ್ವಯಂಚಾಲಿತ’ಕ್ಕೆ ಮರಳಿಸಿದ ಕೂಡಲೇ ಸರಿಹೋಯಿತು.

ಕುಷ್ಟಗಿಯಿಂದ

ಆನ್‌ಲೈನ್ ಸೆಂಟರ್ ನಡೆಸುತ್ತೇನೆ. ಕೆಲವು ಗ್ರಾಹಕರು ‘ಅಣ್ಣಾ, ನಿನ್ನ ಮೊಬೈಲಿನಲ್ಲೇ ಹಾಕಿಕೊಂಡುಬಿಡು’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ, ಅವರ ಮನೆಯ ಬೀಗದ ಕೈ ನನ್ನಲ್ಲಿರುವುದು ಅವರಿಗೂ ಒಳ್ಳೆಯದಲ್ಲ, ನನಗೂ ಒಳ್ಳೆಯದಲ್ಲ. ಜೋಡಿಸುವಾಗ ಕಾಣುವ ಕ್ಯೂಆರ್ ಕೋಡಿನ ಚಿತ್ರ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಅಭ್ಯಾಸವನ್ನೂ ಬಿಡಬೇಕು. ಆ ಚಿತ್ರ ಸಿಕ್ಕವರಿಗೆ ಕೀಲಿಯೇ ಸಿಕ್ಕಂತೆ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಆ ಕೀಲಿ ಬದಲಾಗುವುದಿಲ್ಲ.

ಇನ್ನೊಂದು ಮಾತು. ಸಿಮ್ ಅನ್ನು ಮೋಸದಿಂದ ಬದಲಿಸಿಕೊಂಡು ಎಸ್‌ಎಂಎಸ್ ಕದಿಯುವವರಿಂದ ಈ ಆ್ಯಪ್ ಕಾಪಾಡುತ್ತದೆ, ಸರಿ. ಆದರೆ ನಕಲಿ ತಾಣದಲ್ಲಿ ತಾವೇ ಪಾಸ್‌ವರ್ಡನ್ನೂ ಆರು ಅಂಕಿಯನ್ನೂ ತುಂಬಿದರೆ, ಕಳ್ಳರಿಗೆ ಆ ಅರ್ಧ ನಿಮಿಷ ಸಾಕು. ಫೋನಿನಲ್ಲಿ ಕೇಳಿದರೂ ಹೇಳಬಾರದು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಮ್ಮ ತಾಯಿಯವರಿಗೆ ಮಾತ್ರ ನಾನು ಎಸ್‌ಎಂಎಸ್ ಓಟಿಪಿಯನ್ನೇ ಉಳಿಸಿದ್ದೇನೆ. ಅವರಿಗೆ ಮೂವತ್ತು ಸೆಕೆಂಡಿನಲ್ಲಿ ಓದಿ ಒತ್ತಲು ಆಗುವುದಿಲ್ಲ, ಏನೂ ಇಲ್ಲದಿರುವುದಕ್ಕಿಂತ ಅದು ಮೇಲು.

ಬಳ್ಳಾರಿಯಿಂದ ಮತ್ತೆ

ಎಲ್ಲರಿಗೂ ಧನ್ಯವಾದಗಳು. ಸಾಹುಕಾರರನ್ನು ಒಪ್ಪಿಸಿ ಇ-ವೇ ಬಿಲ್‌ಗೆ ಸಬ್ ಯೂಸರ್ ಆಗಿದ್ದೇನೆ. ಜಿಮೇಲಿನ ಹತ್ತು ಕೋಡುಗಳನ್ನು ಮುದ್ರಿಸಿ ಅವರ ತಿಜೋರಿಯಲ್ಲಿ ಇಡಿಸಿದೆ. ಆದರೆ ಘಟಕದ ಜಿಮೇಲನ್ನು ನಾವಿಬ್ಬರೂ ನೋಡಬೇಕಾಗುತ್ತದೆ. ಆ್ಯಪ್ ಯಾರ ಮೊಬೈಲಿನಲ್ಲಿರಬೇಕು?

ರಾಯಚೂರಿನಿಂದ

ಇಬ್ಬರ ಮೊಬೈಲಿನಲ್ಲೂ ಇರಲಿ. ಜೋಡಿಸುವ ದಿನ ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ಕುಳಿತು, ಪರದೆಯ ಮೇಲಿನ ಅದೇ ಕ್ಯೂಆರ್ ಕೋಡನ್ನು ಒಬ್ಬರಾದ ಮೇಲೊಬ್ಬರು ಸ್ಕ್ಯಾನ್ ಮಾಡಿ. ಎರಡರಲ್ಲೂ ಒಂದೇ ಸಂಖ್ಯೆ ಕಾಣಿಸಿದ ಮೇಲಷ್ಟೇ ಮುಂದಿನ ಗುಂಡಿ ಒತ್ತಿ. ಒತ್ತಿದ ಮೇಲೆ ಆ ಕೋಡ್ ಮತ್ತೆ ಕಾಣುವುದಿಲ್ಲ. ತಾವು ಕೆಲಸ ಬಿಡುವ ದಿನ ಬಂದರೆ ಪಾಸ್‌ವರ್ಡ್ ಬದಲಿಸುವ ಜೊತೆಗೆ ಆ್ಯಪನ್ನೂ ಹೊಸದಾಗಿ ಜೋಡಿಸಿಕೊಳ್ಳಬೇಕು ಎಂದು ಸಾಹುಕಾರರಿಗೆ ಈಗಲೇ ಹೇಳಿಡಿ.