ರಕ್ತದ ರೆಡಾಕ್ಸ್ ಸಮತೋಲನವನ್ನು ರಾಮನ್ ಸಂವೇದಕದಿಂದ ಅಳೆಯುವುದು ಹೇಗೆ?

ಪ್ರಶ್ನೆ (ಎಂ.ಎಸ್ಸಿ. ಭೌತಶಾಸ್ತ್ರ ವಿದ್ಯಾರ್ಥಿನಿ, ಕಲಬುರಗಿ)

ಎಲ್ಲರಿಗೂ ನಮಸ್ಕಾರ. ರಕ್ತದ ಉತ್ಕರ್ಷಣ-ಅಪಕರ್ಷಣ (ರೆಡಾಕ್ಸ್) ಸಮತೋಲನವನ್ನು ರಾಮನ್ ರೋಹಿತದಿಂದ (ಲೇಸರ್ ಬೆಳಕು ಅಣುಗಳಿಗೆ ತಾಗಿ ತರಂಗಾಂತರ ಬದಲಿಸಿ ಚದುರುವುದನ್ನು ತೋರಿಸುವ ನಕ್ಷೆಯಿಂದ) ಗುರುತಿಸುವುದು ನನ್ನ ಪ್ರಾಜೆಕ್ಟಿನ ವಿಷಯ. ನಮ್ಮ ವಿಭಾಗದಲ್ಲಿರುವುದು 785 ನ್ಯಾನೋಮೀಟರ್ ಲೇಸರಿನ ಉಪಕರಣ. ಈ ಸಮತೋಲನಕ್ಕೆ ಕೋಶಗಳನ್ನು ಉತ್ಕರ್ಷಣದಿಂದ ಕಾಪಾಡುವ ಗ್ಲುಟಾಥಯೋನ್ ಎಂಬ ಅಣುವಿನ ಎರಡು ರೂಪಗಳ (ಅಪಕರ್ಷಿತ ಮತ್ತು ಉತ್ಕರ್ಷಿತ) ಅನುಪಾತವೇ ಅಳತೆಗೋಲು ಎಂದು ಓದಿದ್ದೇನೆ. ಆದರೆ ರೋಹಿತದಲ್ಲಿ ಎದ್ದು ಕಾಣುವುದೆಲ್ಲ ಹಿಮೋಗ್ಲೋಬಿನ್ನಿನ ಶಿಖರಗಳೇ. ನಾನು ಯಾವುದನ್ನು ಅಳೆಯಬೇಕು? ರಕ್ತ ತೆಗೆಯದೆ ಚರ್ಮದ ಮೇಲಿನಿಂದಲೇ ಅಳೆಯಲು ಸಾಧ್ಯವೇ?

ಉತ್ತರ (ರೋಹಿತ ಪ್ರಯೋಗಾಲಯದ ಸಂಶೋಧಕರು, ಬೀದರ್)

ನಿಮಗೆ ಕಾಣುತ್ತಿರುವುದು ಸಹಜವೇ. ಕೆಂಪು ರಕ್ತಕಣದೊಳಗೆ ಹೀಮ್ (ಹಿಮೋಗ್ಲೋಬಿನ್ನಿನ ಕಬ್ಬಿಣವಿರುವ ಭಾಗ) ಸುಮಾರು 20 ಮಿಲಿಮೋಲಾರ್ ಇದ್ದರೆ, ಗ್ಲುಟಾಥಯೋನ್ ಇರುವುದು ಎರಡರ ಆಸುಪಾಸಿನಲ್ಲಿ. ಅದರ ಗಂಧಕ-ಹೈಡ್ರೋಜನ್ ಬಂಧದ ಶಿಖರ 2570 cm⁻¹ ಬಳಿ ಬರುತ್ತದೆ (ಇದು ರಾಮನ್ ಸ್ಥಳಾಂತರದ ಮಾನ; ಮುಂದೆ ಹೇಳುವ ಶಿಖರಗಳ ಅಂಕಿಗಳೂ ಇದೇ ಮಾನದಲ್ಲಿವೆ). 785ರ ಲೇಸರಿನಲ್ಲಿ ಆ ಬೆಳಕು 983 ನ್ಯಾನೋಮೀಟರಿಗೆ ಬೀಳುವುದರಿಂದ, ಸಿಲಿಕಾನ್ ಡಿಟೆಕ್ಟರಿನ ಸಂವೇದನೆ ಅಲ್ಲಿಗೆ ತೀರಾ ಕುಗ್ಗಿರುತ್ತದೆ. ಸಾಲದ್ದಕ್ಕೆ ಪ್ರೋಟೀನುಗಳಲ್ಲಿರುವ, ಗಂಧಕವುಳ್ಳ ಸಿಸ್ಟೀನ್ ಕೂಡ ಅದೇ ಜಾಗದಲ್ಲಿ ಸಂಕೇತ ಕೊಡುತ್ತದೆ.

ಆದ್ದರಿಂದ ಹೀಮಿನ ಕಬ್ಬಿಣದ ಸ್ಥಿತಿಯನ್ನೇ ಅಳೆಯಿರಿ, ಆದರೆ ಅದನ್ನು ಇಡೀ ರಕ್ತದ ರೆಡಾಕ್ಸ್ ಸ್ಥಿತಿಯೆಂದು ಕರೆಯಬೇಡಿ. ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನಿನಲ್ಲಿ 1355ರ ಸುತ್ತ ಇರುವ ಶಿಖರ, ಆಕ್ಸಿಜನ್ ಹಿಡಿದಾಗ 1375ರ ಕಡೆಗೆ ಸರಿಯುತ್ತದೆ. ಕಬ್ಬಿಣ ಉತ್ಕರ್ಷಣಗೊಂಡು, ಆಕ್ಸಿಜನ್ ಹೊರಲಾರದ ಮೆಟ್‌ಹಿಮೋಗ್ಲೋಬಿನ್ ಆದಾಗಲೂ ಹೆಚ್ಚುಕಡಿಮೆ ಅಲ್ಲಿಗೇ ಬರುವುದರಿಂದ ಆ ಒಂದು ಶಿಖರವನ್ನು ನಂಬುವಂತಿಲ್ಲ. 1500ರಿಂದ 1650ರವರೆಗಿನ ಶಿಖರಗಳ ಗುಂಪನ್ನೂ ಸೇರಿಸಿ ನೋಡಬೇಕು. ಲೇಸರಿನ ಶಕ್ತಿ ಹೆಚ್ಚಾದರೆ ಅದರ ಬಿಸಿಯೇ ಮೆಟ್‌ಹಿಮೋಗ್ಲೋಬಿನ್ನನ್ನು ಹುಟ್ಟುಹಾಕುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಕೋಣೆಯೇ ಕಾದಿರುವಾಗ, ಮಾದರಿಯನ್ನು ತಣ್ಣಗಿಟ್ಟು, ಒಂದೇ ಬಿಂದುವಿನ ಮೇಲೆ ಲೇಸರ್ ನಿಲ್ಲದಂತೆ ನೋಡಿಕೊಳ್ಳಿ.

ಉತ್ತರ (ವೈದ್ಯರು, ಕಲಬುರಗಿ)

ಹಿಂದಿನ ಉತ್ತರವನ್ನು ಒಪ್ಪುತ್ತೇನೆ. ರೋಗಿಯ ದೃಷ್ಟಿಯಿಂದಲೂ ಮೆಟ್‌ಹಿಮೋಗ್ಲೋಬಿನ್ ಒಳ್ಳೆಯ ಆಯ್ಕೆ. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಕೆಲವರಲ್ಲಿ ಇದನ್ನು ಹೆಚ್ಚಿಸುತ್ತದೆ. ಆಗ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ಮತ್ತು 660 ಹಾಗೂ 940 ನ್ಯಾನೋಮೀಟರುಗಳ ಎರಡೇ ಬೆಳಕನ್ನು ನೆಚ್ಚಿಕೊಂಡ ಸಾಮಾನ್ಯ ಪಲ್ಸ್ ಆಕ್ಸಿಮೀಟರ್, ಮೆಟ್‌ಹಿಮೋಗ್ಲೋಬಿನ್ ಬಹಳ ಏರಿದಾಗ, ನಿಜಸ್ಥಿತಿ ಏನೇ ಇದ್ದರೂ ಶೇ. 85ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅದನ್ನು ಇಳಿಸಲು ಕೊಡುವ ಮಿಥಿಲೀನ್ ಬ್ಲೂ ಎಂಬ ಔಷಧ, ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಅಪಾಯಕಾರಿ, ಏಕೆಂದರೆ ಔಷಧ ಕೆಲಸ ಮಾಡಲು ಬೇಕಾದ ಎನ್‌ಎಡಿಪಿಎಚ್ ಎಂಬ ಅಪಕರ್ಷಕ ಅಣು ಅವರ ಕಣಗಳಲ್ಲಿ ಸಾಕಷ್ಟು ತಯಾರಾಗುವುದಿಲ್ಲ.

ಗ್ಲುಟಾಥಯೋನನ್ನೇ ಅಳೆಯಹೊರಟರೆ ಇನ್ನೊಂದು ತೊಡಕಿದೆ. ಕಣ ಒಡೆದ ಕೂಡಲೇ ಅದು ಉತ್ಕರ್ಷಣಗೊಳ್ಳತೊಡಗುತ್ತದೆ. ಅದನ್ನು ತಡೆಯಲು ಪ್ರಯೋಗಾಲಯಗಳು ಬೆರೆಸುವ ಎನ್-ಈಥೈಲ್‌ಮೆಲಿಮೈಡ್ ಎಂಬ ರಾಸಾಯನಿಕ, ಗಂಧಕಕ್ಕೆ ಅಂಟಿಕೊಂಡು, ನೀವು ಹುಡುಕುತ್ತಿರುವ 2570ರ ಶಿಖರವನ್ನೇ ಅಳಿಸಿಹಾಕುತ್ತದೆ.

ಉತ್ತರ (ವೈದ್ಯಕೀಯ ಉಪಕರಣಗಳ ಎಂಜಿನಿಯರ್, ಯಾದಗಿರಿ)

ಚರ್ಮದ ಮೇಲಿನಿಂದ ಅಳೆಯುವ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಮೆಲನಿನ್ನಿನ ಹಿನ್ನೆಲೆ ಬೆಳಕು ದುರ್ಬಲವಾದ ರಾಮನ್ ಸಂಕೇತವನ್ನು ಮುಚ್ಚಿಬಿಡುತ್ತದೆ. 2017ರಲ್ಲಿ ಪ್ರಾಣಿಗಳ ಹೃದಯದ ಮೈಟೊಕಾಂಡ್ರಿಯಾಗಳ ರೆಡಾಕ್ಸ್ ಸ್ಥಿತಿಯನ್ನು ಅನುನಾದ ರಾಮನ್ ವಿಧಾನದಿಂದ (ಅಣು ಹೀರುವ ಬಣ್ಣದ ಲೇಸರನ್ನೇ ಬಳಸಿ ಸಂಕೇತ ಹೆಚ್ಚಿಸುವ ವಿಧಾನ) ಅಳೆದು ತೋರಿಸಿದ್ದಾರೆ, ಆದರೆ ಅಲ್ಲಿ ಅಳತೆ ನಡೆದದ್ದು ಹೃದಯದ ಸ್ನಾಯುವಿನ ಮೇಲೆಯೇ. ನೀವು ಮೊದಲು ನೈತಿಕ ಸಮಿತಿಯ ಅನುಮತಿ ಪಡೆದು, ರಕ್ತದ ಒಂದು ಭಾಗಕ್ಕೆ ಸೋಡಿಯಂ ನೈಟ್ರೈಟ್ ಬೆರೆಸಿ ಮೆಟ್‌ಹಿಮೋಗ್ಲೋಬಿನ್ ತಯಾರಿಸಿ, ಚೆನ್ನಾಗಿ ತೊಳೆದು ಉಳಿದ ನೈಟ್ರೈಟನ್ನು ತೆಗೆದ ಮೇಲೆ, ಬೇರೆ ಬೇರೆ ಪ್ರಮಾಣದಲ್ಲಿ ತಾಜಾ ರಕ್ತದೊಡನೆ ಕೂಡಿಸಿ ಮಾಪನಾಂಕ ರೇಖೆ ಎಳೆಯಿರಿ. ಅವೇ ಮಾದರಿಗಳನ್ನು ಕೋ-ಆಕ್ಸಿಮೀಟರಿನಲ್ಲೂ (ಹಿಮೋಗ್ಲೋಬಿನ್ನಿನ ಬೇರೆ ಬೇರೆ ರೂಪಗಳನ್ನು ಹಲವು ತರಂಗಾಂತರಗಳ ಬೆಳಕಿನಿಂದ ಅಳೆಯುವ ಯಂತ್ರ) ಅಳೆದು ಹೋಲಿಸಿದರೆ, ನಿಮ್ಮ ಉಪಕರಣ ಎಷ್ಟು ಕಡಿಮೆ ಪ್ರಮಾಣದವರೆಗೆ ಹಿಡಿಯಬಲ್ಲದು ಎಂಬುದು ಗೊತ್ತಾಗುತ್ತದೆ.