ಕುಟುಂಬದ ಸೆಡಾನೋ ದುಬಾರಿ ಲಾಂಛನವೋ: ಇಟ್ಟುಕೊಂಡವರ ಅನುಭವ

ಕೇಳಿದ ಪ್ರಶ್ನೆ

ಹನ್ನೆರಡು ವರ್ಷ ದುಡಿದ ನಮ್ಮ ಸೆಡಾನ್‌ಗೆ ಈ ವರ್ಷ ಬಿಡುಗಡೆ ಕೊಡಬೇಕೆಂದಿದ್ದೇವೆ. ಮನೆಯಲ್ಲಿ ಐದು ಜನ: ನಾವಿಬ್ಬರು, ಹದಿಮೂರರ ಮಗ, ಒಂಬತ್ತರ ಮಗಳು, ಮಂಡಿನೋವಿರುವ ನನ್ನ ತಾಯಿ. ಪಟ್ಟಿಯ ಒಂದು ಬದಿಯಲ್ಲಿ ಟೊಯೋಟಾ ಕ್ಯಾಮ್ರಿ, ಹೋಂಡಾ ಅಕಾರ್ಡ್, ಸ್ಕೋಡಾ ಸೂಪರ್ಬ್. ಇನ್ನೊಂದು ಬದಿಯಲ್ಲಿ ಬಿಎಂಡಬ್ಲ್ಯೂ 3 ಸೀರೀಸ್, ಮರ್ಸಿಡಿಸ್ ಸಿ-ಕ್ಲಾಸ್, ಲೆಕ್ಸಸ್ ಇಎಸ್. ಎರಡನೆಯ ಬದಿಗೆ ಹೋದರೆ ಸುಮಾರು ಒಂದೂವರೆ ಪಟ್ಟು ಹಣ. ಕೈಗೆ ಎಟುಕದಷ್ಟಲ್ಲ, ಆದರೆ ಯೋಚಿಸದೆ ಕೊಟ್ಟುಬಿಡುವಷ್ಟೂ ಅಲ್ಲ. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸುತ್ತೇವೆ, ಎಂಟು ವರ್ಷ ಇಟ್ಟುಕೊಳ್ಳುತ್ತೇವೆ. ಯಾವ ಕಾರಿನಲ್ಲಿ ಏನೇನಿದೆ ಎಂಬ ಪಟ್ಟಿ ನನ್ನ ಹತ್ತಿರವೂ ಇದೆ. ಇಟ್ಟುಕೊಂಡವರಿಗೆ ಮೂರು ವರ್ಷ ಕಳೆದ ಮೇಲೆ ಏನನ್ನಿಸಿತು ಎಂಬುದಷ್ಟೇ ಬೇಕು.

ಹನ್ನೊಂದು ವರ್ಷದಿಂದ ಅದೇ ಕಾರು ಓಡಿಸುತ್ತಿರುವವನು

ಹೇಳಿಕೊಳ್ಳುವಂಥದ್ದು ನನ್ನ ಬಳಿ ಏನೂ ಇಲ್ಲ, ಅದೇ ನನ್ನ ಉತ್ತರ. ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಕ್ಯಾಮ್ರಿ ಹೈಬ್ರಿಡ್ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಆಯಿಲ್, ಫಿಲ್ಟರ್, ಟೈರ್, ಎರಡು ಸಲ 12 ವೋಲ್ಟಿನ ಬ್ಯಾಟರಿ. ಮುಂದಿನ ಬ್ರೇಕ್ ಪ್ಯಾಡುಗಳನ್ನು ಒಂದೇ ಸಲ ಬದಲಿಸಿದ್ದೇನೆ. ಇದು ನನ್ನ ಜಾಣತನವಲ್ಲ. ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡಿ ಆ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ, ಪ್ಯಾಡುಗಳಿಗೆ ಸವೆಯಲು ಅವಕಾಶವೇ ಸಿಗುವುದಿಲ್ಲ.

ಹೈಬ್ರಿಡ್ ಎಂದರೆ ಕೆಡುವ ಸಾಮಾನು ಎರಡು ಪಟ್ಟು ಎಂದು ನಾನೂ ಹೆದರಿದ್ದೆ. ಒಳಗೆ ನೋಡಿದರೆ ಲೆಕ್ಕ ತಿರುಗುಮುರುಗು. ಟೊಯೋಟಾದ ಈ ವ್ಯವಸ್ಥೆಯಲ್ಲಿ ಪ್ರತ್ಯೇಕ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಕ್ಲಚ್ ಇಲ್ಲ, ಸಿವಿಟಿ (ಹಂತಗಳಿಲ್ಲದ ಗೇರ್‌ಬಾಕ್ಸ್) ಎಂದು ಕರೆದರೂ ಒಳಗೆ ಬೆಲ್ಟ್ ಇಲ್ಲ. ಸೂರ್ಯನ ಸುತ್ತ ಗ್ರಹಗಳಂತೆ ತಿರುಗುವ ಒಂದಿಷ್ಟು ಗೇರುಗಳು, ಎರಡು ಮೋಟಾರು, ಒಂದು ಎಂಜಿನ್. 1997ರ ಪ್ರಿಯಸ್‌ನಿಂದ ಬಂದ ಏರ್ಪಾಡು ಇದು. ಗ್ರಹಗತಿ ಇಷ್ಟು ಚೆನ್ನಾಗಿರುವ ಯಂತ್ರ ಬೇರೆ ನೋಡಿಲ್ಲ.

ಕೊರತೆಯೂ ಹೇಳಬೇಕಲ್ಲ. ಒರಟು ಡಾಂಬರಿನ ಮೇಲೆ ಟೈರಿನ ಸದ್ದು ಒಳಗೆ ಬರುತ್ತದೆ. ಈ ದರ್ಜೆಯ ಕಾರುಗಳಲ್ಲಿ ತೂಕ ಮತ್ತು ಖರ್ಚು ಉಳಿಸುವುದೇ ಸದ್ದು ತಡೆಯುವ ಹೊದಿಕೆಯಲ್ಲಿ. ತಿರುವಿನ ರಸ್ತೆಯಲ್ಲಿ ಓಡಿಸುವುದು ಒಂದು ಕೆಲಸ, ಸುಖವಲ್ಲ. ನನಗೆ ಅದು ಬೇಕಿರಲಿಲ್ಲ.

ಆರು ವರ್ಷ ಜರ್ಮನ್ ಐಷಾರಾಮಿ, ಹೋದ ವರ್ಷ ಮಾರಿದೆ

ಯಾವ ಕಂಪನಿಯದು ಎಂದು ಹೇಳುವುದಿಲ್ಲ, ಅನುಭವ ನನ್ನೊಬ್ಬನದು.

ಮೊದಲ ಮೂರು ವರ್ಷ ನಾನು ಎರಡು ಸುತ್ತು ಹಾಕಿಕೊಂಡು ಮನೆಗೆ ಬರುತ್ತಿದ್ದೆ. ಸುಮ್ಮನೆ, ಇನ್ನೂ ಹತ್ತು ನಿಮಿಷ ಓಡಿಸುವ ಆಸೆಗೆ. ಹಿಂಚಕ್ರ ಎಳೆಯುವ ಕಾರಿನಲ್ಲಿ ಮುಂದಿನ ಚಕ್ರಗಳಿಗೆ ತಿರುಗುವುದೊಂದೇ ಕೆಲಸ, ಆದ್ದರಿಂದ ಸ್ಟೀರಿಂಗ್ ಕೈಯಲ್ಲಿ ಸ್ವಚ್ಛವಾಗಿ ಮಾತನಾಡುತ್ತದೆ. ಎಂಟು ಗೇರಿನ ಆಟೊಮ್ಯಾಟಿಕ್ ಯಾವಾಗ ಗೇರು ಬದಲಿಸಿತು ಎಂಬುದೇ ತಿಳಿಯುತ್ತಿರಲಿಲ್ಲ. ಈ ಸುಖ ಸುಳ್ಳು ಎಂದು ಯಾರಾದರೂ ಹೇಳಿದರೆ ಅವರು ಓಡಿಸಿಲ್ಲ ಎಂದರ್ಥ.

ವಾರಂಟಿ ಮುಗಿದ ಐದು ತಿಂಗಳಿಗೆ ಕೂಲಂಟ್ ಸೋರಿತು. ಎಂಜಿನ್ನಿನ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೂತಿದ್ದ ಪ್ಲಾಸ್ಟಿಕ್ ಕವಚ ಬಿಸಿಗೆ ಒಣಗಿ ಬಿರುಕು ಬಿಟ್ಟಿತ್ತು. ಭಾಗದ ಬೆಲೆ ಸಹಿಸಬಹುದಿತ್ತು, ಅಲ್ಲಿಗೆ ಕೈ ಹೋಗಲು ಬಿಚ್ಚಬೇಕಾದ ಉಳಿದ ಭಾಗಗಳ ಕೂಲಿಯೇ ದೊಡ್ಡದು. ಆಮೇಲೆ ಒಂದು ಹೆಡ್‌ಲೈಟ್. ಈಗಿನ ಹೆಡ್‌ಲೈಟ್ ಬಲ್ಬಲ್ಲ, ಪುಟ್ಟ ಕಂಪ್ಯೂಟರು. ಒಳಗೆ ತೇವ ಸೇರಿದರೆ ಇಡಿಯಾಗಿ ಬದಲಿಸಬೇಕು. ಆ ಬಿಲ್ಲನ್ನು ಮನೆಯವರಿಗೆ ಇನ್ನೂ ತೋರಿಸಿಲ್ಲ.

ಆದರೆ ನನ್ನನ್ನು ಸೋಲಿಸಿದ್ದು ಟೈರು. ಗಾಳಿ ಹೋದರೂ ಓಡುವ ರನ್‌ಫ್ಲಾಟ್ ಟೈರು, ಹಾಗಾಗಿ ಸ್ಟೆಪ್ನಿಯೇ ಇಲ್ಲ. ಕೇಳಲು ಚೆನ್ನಾಗಿದೆ. ಗಾಳಿ ಹೋದ ಮೇಲೆ ಅದು ಓಡುವುದು ಗಂಟೆಗೆ 80 ಕಿಲೋಮೀಟರ್ ವೇಗ ಮೀರದಂತೆ, ಸುಮಾರು 80 ಕಿಲೋಮೀಟರ್ ದೂರ. ಪಕ್ಕ ಸೀಳಿಹೋದರೆ ಅದೂ ಇಲ್ಲ. ನನ್ನದು ಸೀಳಿತು, ರಾತ್ರಿ, ಎಲ್ಲರೂ ಜೊತೆಗಿದ್ದಾಗ. ಆ ಅಳತೆಯ ಟೈರು ತರಿಸಲು ಎರಡು ದಿನ ಬೇಕಾಯಿತು. ಮುಂದಿನ ಮತ್ತು ಹಿಂದಿನ ಟೈರುಗಳ ಅಳತೆ ಬೇರೆ ಬೇರೆ ಇದ್ದುದರಿಂದ ಅದಲುಬದಲು ಮಾಡಿ ಸಮನಾಗಿ ಸವೆಸುವ ದಾರಿಯೂ ಇರಲಿಲ್ಲ.

ಮಾರುವಾಗ ಕೈಗೆ ಬಂದದ್ದು ಕೊಂಡ ಬೆಲೆಯ ಮೂರನೆಯ ಒಂದು ಪಾಲೂ ಇಲ್ಲ. ಪಶ್ಚಾತ್ತಾಪವೇ ಎಂದು ಕೇಳಿದರೆ, ಅರ್ಧ. ಎರಡು ಸುತ್ತು ಹಾಕಿದ ಆ ಸಂಜೆಗಳನ್ನು ಹಿಂದಿರುಗಿಸಲಾರೆ.

ಅಳತೆ ಪಟ್ಟಿ ಹಿಡಿದು ಶೋರೂಮಿಗೆ ಹೋಗುವವನು

ಐದು ಜನ ಎಂದಿದ್ದೀರಿ. ಹಾಗಾದರೆ ಮಾತು ಹಿಂದಿನ ಸೀಟಿನಿಂದ ಶುರುವಾಗಬೇಕು.

ಈ ಅಂಕಿಗಳನ್ನು ನೋಡಿ. 2018ರ ಸುಮಾರಿಗೆ ಬಂದ ಪೀಳಿಗೆಯಲ್ಲಿ ಕ್ಯಾಮ್ರಿಯ ವೀಲ್‌ಬೇಸ್ 2825 ಮಿಲಿಮೀಟರ್, 3 ಸೀರೀಸ್‌ನದು 2851. ಚಕ್ರದಿಂದ ಚಕ್ರಕ್ಕೆ ದುಬಾರಿ ಕಾರೇ ಉದ್ದ. ಆದರೂ ಹಿಂದೆ ಕಾಲು ಚಾಚಲು ಜಾಗ ಕ್ಯಾಮ್ರಿಯಲ್ಲಿ. ಕಾರಣ ಸರಳ. ಕುಟುಂಬದ ಸೆಡಾನಿನಲ್ಲಿ ಎಂಜಿನ್ ಅಡ್ಡವಾಗಿ ಕೂತಿರುತ್ತದೆ, ಗೇರ್‌ಬಾಕ್ಸ್ ಅದರ ಪಕ್ಕದಲ್ಲಿ. ಎಲ್ಲವೂ ಮೂತಿಯಲ್ಲೇ ಮುಗಿಯುತ್ತದೆ. ಹಿಂಚಕ್ರ ಚಾಲನೆಯ ಕಾರಿನಲ್ಲಿ ಎಂಜಿನ್ ಉದ್ದಕ್ಕೆ, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಆಕ್ಸಲ್ ತನಕ ಒಂದು ಶಾಫ್ಟ್. ಆ ಶಾಫ್ಟ್ ಹಾದುಹೋಗಲು ನೆಲದ ನಡುವೆ ಸುರಂಗ. ನಡುವಿನ ಸೀಟಿನಲ್ಲಿ ಕೂರುವವರು ಆ ದಿಬ್ಬದ ಎರಡೂ ಬದಿಗೆ ಕಾಲಿಟ್ಟು ಕುದುರೆ ಸವಾರಿ ಮಾಡಬೇಕು. ಆಡಿ ಎ4 ಮುಂಚಕ್ರ ಎಳೆದರೂ ಎಂಜಿನ್ ಉದ್ದಕ್ಕೇ ಇರುವುದರಿಂದ ಮತ್ತು ಅದೇ ಚೌಕಟ್ಟಿನಲ್ಲಿ ನಾಲ್ಕೂ ಚಕ್ರ ಎಳೆಯುವ ಆವೃತ್ತಿಯೂ ಇರುವುದರಿಂದ ಅಲ್ಲಿಯೂ ಇದೇ ಕಥೆ.

ಡಿಕ್ಕಿಗೆ ಬಂದರೆ, 3 ಸೀರೀಸ್ 480 ಲೀಟರ್, 2015ರ ಸೂಪರ್ಬ್ 625. ಅದೇ ಬಿಎಂಡಬ್ಲ್ಯೂ ಚಾರ್ಜ್ ಮಾಡುವ ಹೈಬ್ರಿಡ್ ಆವೃತ್ತಿಯಾದರೆ ಬ್ಯಾಟರಿಗೆ ಜಾಗ ಬಿಟ್ಟು ಉಳಿಯುವುದು 375. ಎರಡು ದೊಡ್ಡ ಸೂಟ್‌ಕೇಸು ಇಟ್ಟ ಮೇಲೆ ಮೂರನೆಯದು ಮಡಿಲಲ್ಲಿ.

ಇವರಿಗೊಂದು ಸಾಲು, ಇನ್ನೊಬ್ಬರಿಂದ

ಅಂಕಿಯೆಲ್ಲ ಸರಿ. ಅಮ್ಮನನ್ನು ಕರೆದುಕೊಂಡು ಹೋಗಿ ಕೂರಿಸಿ, ಎಬ್ಬಿಸಿ. ಮೂರು ಸಲ. ಸೆಡಾನ್ ಎಂದರೆ ಸೀಟು ತಗ್ಗು. ಮಂಡಿಗೆ ತಿಳಿಯುವುದು ಏಳುವಾಗ.

ದಿನಕ್ಕೆ ಎರಡು ಗಂಟೆ ಒಬ್ಬಳೇ ಓಡಿಸುವವಳು

ಇಷ್ಟು ಹೊತ್ತು ಎಲ್ಲರೂ ಹಿಂದಿನ ಸೀಟಿನ ಪರವಾಗಿ ಮಾತನಾಡಿದಿರಿ. ಲೆಕ್ಕ ಹಾಕಿ: ವರ್ಷದಲ್ಲಿ ಆ ಐದೂ ಜನ ಒಟ್ಟಿಗೆ ಕಾರಿನಲ್ಲಿ ಇರುವುದು ಎಷ್ಟು ದಿನ? ಉಳಿದ ದಿನಗಳಲ್ಲಿ ಹಿಂದೆ ಕೂರುವುದು ನನ್ನ ಚೀಲ.

ನನಗೆ ಸೊಂಟನೋವು. ಮೊದಲಿದ್ದ ಸಾಧಾರಣ ಸೆಡಾನಿನಲ್ಲಿ ಮನೆ ತಲುಪಿದ ಮೇಲೆ ಕಾಲು ಗಂಟೆ ಗೋಡೆಗೆ ಒರಗಿ ಕೂರಬೇಕಿತ್ತು. ಈಗಿನ ಕಾರಿನಲ್ಲಿ ಸೀಟಿನ ತೊಡೆಯ ಭಾಗವನ್ನು ಮುಂದಕ್ಕೆ ಎಳೆಯಬಹುದು, ಸೊಂಟದ ಆಸರೆಯನ್ನು ಮೇಲೆ ಕೆಳಗೂ ಮಾಡಬಹುದು. ಪಕ್ಕದ ಕಿಟಕಿಗಳದು ಎರಡು ಪದರದ ಗಾಜು, ನಡುವೆ ಸದ್ದು ನುಂಗುವ ಹಾಳೆ. ಮೌನಕ್ಕೆ ಹಣ ಕೊಡುವುದು ಹುಚ್ಚು ಎನ್ನುವವರು ದಟ್ಟಣೆಯಲ್ಲಿ ದಿನಾ ಎರಡು ಗಂಟೆ ಕೂತು ಆಮೇಲೆ ಹೇಳಲಿ. ಖರ್ಚು ಬಂದಿದೆ, ಇಲ್ಲವೆನ್ನುವುದಿಲ್ಲ. ವಾರಂಟಿಯನ್ನು ಕೊಳ್ಳುವಾಗಲೇ ಐದು ವರ್ಷಕ್ಕೆ ವಿಸ್ತರಿಸಿಕೊಂಡೆ, ಐದನೆಯ ವರ್ಷ ಮುಗಿಯುವ ಮೊದಲೇ ಮಾರುತ್ತೇನೆ. ನಿಮ್ಮದು ಎಂಟು ವರ್ಷದ ಲೆಕ್ಕ. ನನ್ನ ಮಾತು ಅಲ್ಲಿಗೆ ಪೂರ್ತಿ ಹೊಂದುವುದಿಲ್ಲ.

ಸುರಕ್ಷತೆಗಾಗಿ ದುಬಾರಿ ಕಾರು ಎಂಬ ಹಳೆಯ ವಾದವನ್ನು ಮಾತ್ರ ನಾನೂ ಒಪ್ಪುವುದಿಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಹೋಗದಂತೆ ನೋಡುವ ಎಬಿಎಸ್ 1978ರಲ್ಲಿ, ಕಾರು ಜಾರದಂತೆ ತಡೆಯುವ ಇಎಸ್‌ಪಿ 1995ರಲ್ಲಿ, ಮುಂದಿನ ವಾಹನ ನೋಡಿ ತಾನೇ ವೇಗ ಹೊಂದಿಸಿಕೊಳ್ಳುವ ಕ್ರೂಸ್ 1998ರ ಸುಮಾರಿಗೆ, ಇವೆಲ್ಲ ಮರ್ಸಿಡಿಸ್‌ನ ದುಬಾರಿ ಸೆಡಾನ್ ಎಸ್-ಕ್ಲಾಸ್ ಮೂಲಕ ಬಂದವು. ಆಗ ಅಂತರ ನಿಜವಾಗಿಯೂ ಇತ್ತು. ಇಂದು ಆ ಮೂರೂ ಒಳ್ಳೆಯ ಕುಟುಂಬದ ಸೆಡಾನಿನಲ್ಲಿ ಇವೆ. ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ, ಅದೊಂದನ್ನು ನೋಡಿಕೊಳ್ಳಿ.

ಮನೆಯಲ್ಲಿ ಎರಡೂ ಇರುವವರು

ಅಣ್ಣನದು ಕ್ಯಾಮ್ರಿ, ನನ್ನದು ಲೆಕ್ಸಸ್ ಇಎಸ್ 300ಎಚ್. ಬಾನೆಟ್ ಎತ್ತಿದರೆ ಎರಡರಲ್ಲೂ ಅದೇ 2487 ಸಿಸಿ ಎಂಜಿನ್, ಅದೇ ಬಗೆಯ ಹೈಬ್ರಿಡ್. ಗುಟ್ಟೇನಲ್ಲ, 1989ರಲ್ಲಿ ಟೊಯೋಟಾ ತನ್ನ ದುಬಾರಿ ಕಾರುಗಳಿಗೆ ಲೆಕ್ಸಸ್ ಎಂಬ ಹೆಸರು ಶುರುಮಾಡಿದಾಗ ಬಂದ ಇಎಸ್ 250 ಕೂಡ ಕ್ಯಾಮ್ರಿಯ ಬುನಾದಿಯ ಮೇಲೆಯೇ ನಿಂತಿತ್ತು. 2018ರ ಇಎಸ್‌ನ ವೀಲ್‌ಬೇಸ್ ಕ್ಯಾಮ್ರಿಗಿಂತ 45 ಮಿಲಿಮೀಟರ್ ಉದ್ದ, 2870. ಎಂಜಿನ್ ಅಡ್ಡವಾಗಿರುವುದರಿಂದ ಸುರಂಗದ ಕಾಟ ಕಡಿಮೆ.

ಅಣ್ಣ ನನ್ನನ್ನು ಅಣಕಿಸುತ್ತಾನೆ: "ನನ್ನ ಕಾರಿಗೇ ರೇಷ್ಮೆ ಶಾಲು ಹೊದಿಸಿ ನಿನಗೆ ಮಾರಿದ್ದಾರೆ." ಹೌದು, ಮಾರಿದ್ದಾರೆ. ಶಾಲು ಚೆನ್ನಾಗಿದೆ. ಒಳಗಿನ ಮೌನ, ಸೀಟಿನ ಚರ್ಮ, ಬಾಗಿಲು ಮುಚ್ಚುವ ಸದ್ದು ಎಲ್ಲವೂ ಬೇರೆ. ಆದರೆ ತಿರುವುಗಳಲ್ಲಿ 3 ಸೀರೀಸ್ ಕೊಡುವ ಸುಖ ಇದರಲ್ಲಿ ಹುಡುಕಬೇಡಿ, ಇದು ಸೋಫಾ. ನೀವು ಪಟ್ಟಿಯಲ್ಲಿ ಆ ಮೂರನ್ನು ಒಂದೇ ಗುಂಪಿಗೆ ಹಾಕಿದ್ದೀರಿ, ಅದು ತಪ್ಪು. ಓಡಿಸುವವರ ಐಷಾರಾಮ ಬೇರೆ, ಕೂರುವವರ ಐಷಾರಾಮ ಬೇರೆ.

ಗ್ಯಾರೇಜಿನಲ್ಲಿ ಕೆಲಸ ಮಾಡುವವನು

ಮೂರು ವರ್ಷ ಓಡಿದ ದುಬಾರಿ ಕಾರು ಹೊಸ ಸಾಧಾರಣ ಕಾರಿನ ಬೆಲೆಗೇ ಸಿಗುತ್ತದಲ್ಲ ಎಂದು ಯಾರಾದರೂ ಹೇಳುವ ಮೊದಲೇ ಬರೆಯುತ್ತಿದ್ದೇನೆ. ಕಾರಿನ ಬೆಲೆ ಅರ್ಧವಾದರೂ ಅದರ ಬ್ರೇಕ್ ಡಿಸ್ಕಿನ ಬೆಲೆ ಅರ್ಧವಾಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ತಂದವರು ಮೊದಲ ದೊಡ್ಡ ಸರ್ವಿಸಿಗೆ ಬಂದಾಗ ಅವರ ಮುಖ ನೋಡಲು ನನಗೇ ಸಂಕೋಚ.

ಸಣ್ಣ ಸಂಗತಿಗಳು ಕೂಡಿಬರುತ್ತವೆ. ಕೆಲವು ದುಬಾರಿ ಕಾರುಗಳಲ್ಲಿ 12 ವೋಲ್ಟಿನ ಬ್ಯಾಟರಿ ಬದಲಿಸಿದರೆ ಸಾಲದು, ಹೊಸದು ಬಂದಿದೆ ಎಂದು ಸ್ಕ್ಯಾನರ್ ಹಾಕಿ ಕಾರಿಗೆ ತಿಳಿಸಬೇಕು. ಇಲ್ಲವಾದರೆ ಹಳೆಯದೆಂದೇ ಭಾವಿಸಿ ಚಾರ್ಜ್ ಮಾಡುತ್ತದೆ. ಟರ್ಬೊ ಎಂಜಿನ್ನುಗಳಿಗೆ ಹೆಚ್ಚಿನ ಆಕ್ಟೇನಿನ ಪೆಟ್ರೋಲ್ ಹೇಳಿರುತ್ತಾರೆ, ಇಂಧನ ಮುಚ್ಚಳದ ಒಳಬದಿಯಲ್ಲಿ ಬರೆದಿರುತ್ತದೆ, ಕೊಳ್ಳುವ ಮೊದಲು ತೆರೆದು ಓದಿ. ಏರ್ ಸಸ್ಪೆನ್ಷನ್ (ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲ) ಇದ್ದರೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿ. ಒಂದು ಮೂಲೆ ಕುಸಿದಿದ್ದರೆ ಅಲ್ಲಿಂದಲೇ ಹಿಂತಿರುಗಿ.

ನನ್ನ ಬಳಿ ಏನಿದೆ ಎಂದು ಎಲ್ಲರೂ ಕೇಳುತ್ತಾರೆ. ಹಳೆಯ ಅಕಾರ್ಡ್. ವಾರವಿಡೀ ಕಾರು ಬಿಚ್ಚುವವನಿಗೆ ಭಾನುವಾರ ರಜೆ ಬೇಕು.

ಪ್ರಶ್ನೆ ಕೇಳಿದವನು, ಎರಡು ವಾರದ ನಂತರ

ಎಲ್ಲರ ಮಾತು ಓದಿ, ಐದೂ ಜನ ಹೊರಟೆವು. ತಾಯಿಯ ವಾಕರ್ ಕೂಡ ತೆಗೆದುಕೊಂಡು ಹೋದೆವು. ಶೋರೂಮಿನವರು ಮೊದಲು ಅದನ್ನು ನೋಡಿ ಸ್ವಲ್ಪ ಗಲಿಬಿಲಿಗೊಂಡರು.

ಹಿಂಚಕ್ರ ಚಾಲನೆಯ ಎರಡೂ ಕಾರುಗಳನ್ನು, ಬಿಎಂಡಬ್ಲ್ಯೂ ಮತ್ತು ಮರ್ಸಿಡಿಸ್, ನಾನು ಓಡಿಸಿದೆ. ಎರಡು ಸುತ್ತು ಹಾಕಿ ಮನೆಗೆ ಬರುತ್ತಿದ್ದವರ ಮಾತು ಅರ್ಥವಾಯಿತು. ನಾನು ಇಳಿಯಲೇ ಇಲ್ಲ, ಹೆಂಡತಿ ಬಾಗಿಲು ತೆಗೆದು ಇಳಿಸಿದರು. ಆದರೆ ನಡುವೆ ಕೂತ ಮಗಳು ಹತ್ತು ನಿಮಿಷದಲ್ಲಿ ಕಾಲನ್ನು ಅಣ್ಣನ ಕಡೆಗೆ ತಳ್ಳಿ ಜಗಳ ಶುರು ಮಾಡಿದ್ದಳು. ತಾಯಿ ಏನೂ ಹೇಳಲಿಲ್ಲ, ಇಳಿಯುವಾಗ ಮಾತ್ರ ಬಾಗಿಲಿನ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದರು. ಅವೆರಡನ್ನೂ ಪಟ್ಟಿಯಿಂದ ತೆಗೆದೆ.

ಸೂಪರ್ಬ್‌ನ ಹಿಂಬಾಗಿಲು ಗಾಜಿನ ಸಮೇತ ಮೇಲೇಳುತ್ತದೆ, ವಾಕರ್ ಮಡಿಸದೆಯೇ ಒಳಗೆ ಮಲಗಿತು. ಮಗ ಕಾಲ ಮೇಲೆ ಕಾಲು ಹಾಕಿ ತೋರಿಸಿದ. ಇಎಸ್‌ನಲ್ಲಿ ಹೋಗುವಾಗ ಮನೆಯವರೆಲ್ಲ ಇದ್ದಕ್ಕಿದ್ದಂತೆ ಮೆಲ್ಲಗೆ ಮಾತನಾಡತೊಡಗಿದ್ದರು. ಯಾರೂ ಹೇಳಿರಲಿಲ್ಲ, ಸದ್ದಿಲ್ಲದ ಕಡೆ ಧ್ವನಿ ತಾನಾಗಿ ಇಳಿಯುತ್ತದೆ ಎಂದು ಕಾಣುತ್ತದೆ. ತಾಯಿ ಹಿಂದೆ ನಿದ್ದೆ ಹೋದರು.

ಕ್ಯಾಮ್ರಿಯನ್ನೂ ನೋಡಿದೆವು. ಇಎಸ್ ಇಳಿದ ಅರ್ಧ ಗಂಟೆಗೇ ಹತ್ತಿದ್ದು ಅದಕ್ಕೆ ಮಾಡಿದ ಅನ್ಯಾಯ, ಆದ್ದರಿಂದ ಮುಂದಿನ ವಾರ ಅದೊಂದನ್ನೇ ಮತ್ತೆ ನೋಡಿದೆವು. ತಾಯಿ ಅದರಲ್ಲೂ ನಿದ್ದೆ ಹೋದರು. ವಾರಂಟಿ ವಿಸ್ತರಿಸಿಕೊಂಡು ಕ್ಯಾಮ್ರಿ ಹೈಬ್ರಿಡ್ ಬುಕ್ ಮಾಡಿದ್ದೇನೆ. ಉಳಿದ ಹಣದಲ್ಲಿ ಒಂದು ಪಾಲು ಒಳ್ಳೆಯ ಟೈರಿಗೆ ಎಂದು ಹೆಂಡತಿ ಈಗಲೇ ಬರೆದಿಟ್ಟಿದ್ದಾರೆ. ಶೋರೂಮಿನವರು ದೊಡ್ಡ ಚಕ್ರದ ಆವೃತ್ತಿ ನೋಡಲು ಚೆನ್ನಾಗಿರುತ್ತದೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೇ?

ಗ್ಯಾರೇಜಿನವನು, ಮತ್ತೆ

ಬೇಡ. ಚಕ್ರ ದೊಡ್ಡದಾದಷ್ಟೂ ಟೈರಿನ ಪಕ್ಕದ ಎತ್ತರ ಕಡಿಮೆಯಾಗುತ್ತದೆ, ಗುಂಡಿಯ ಏಟು ತಾಯಿಯ ಮಂಡಿಗೆ ಹೋಗುತ್ತದೆ. ಸಣ್ಣ ಚಕ್ರದ್ದೇ ಕೇಳಿ. ಸ್ಟೆಪ್ನಿ ಇದೆಯೇ ಎಂದು ಡಿಕ್ಕಿಯ ಹಲಗೆ ಎತ್ತಿ ನೋಡಿ, ಹೇಳಿದ್ದನ್ನು ನಂಬಬೇಡಿ.