ಬಿಆರ್‌ಸಿಯಲ್ಲಿ ಕಾನೂನಿನ ಬಗ್ಗೆ ಮಾತಾಡಿ ಅಂದಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಬಸ್ ಟೀಚರ್ (ಪ್ರಶ್ನೆ)

ನಮಸ್ಕಾರ. ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಬಿಐಇಆರ್‌ಟಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದು ಬ್ಲಾಕ್ ಮಟ್ಟದಲ್ಲಿರುವ ಟೀಚರ್. ನನಗೆ ಅಂತ ಒಂದು ಶಾಲೆ ಇಲ್ಲ, ತರಗತಿ ಇಲ್ಲ, ಬೀರು ಕೂಡ ಇಲ್ಲ. ವಾರವಿಡೀ ಬಸ್ಸಿನಲ್ಲಿ ಶಾಲೆಯಿಂದ ಶಾಲೆಗೆ ತಿರುಗುತ್ತೇನೆ. ಗುರುವಾರ ಮಾತ್ರ, ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗುತ್ತೇನೆ.

ಬರುವ ಶನಿವಾರ ಬಿಆರ್‌ಸಿಯಲ್ಲಿ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ, ಮುಖ್ಯ ಶಿಕ್ಷಕರಿಗೂ ನೋಡಲ್ ಟೀಚರ್‌ಗಳಿಗೂ ಒಂದು ತರಬೇತಿ ಇದೆ. ಸುಮಾರು 60 ಜನ. 'ವಿಶೇಷ ಶಿಕ್ಷಣ, ಕಾನೂನು, ನಮ್ಮ ಜವಾಬ್ದಾರಿ' ಅಂತ ವಿಷಯ. ನನಗೆ ಎರಡು ಗಂಟೆ ಕೊಟ್ಟಿದ್ದಾರೆ.

ಹೋದ ವರ್ಷ ಇದೇ ತರಬೇತಿಯಲ್ಲಿ ನಾನು ಹಿಂದಿನ ಬೆಂಚಿನಲ್ಲಿದ್ದೆ. ಬಂದವರು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಿಪಿಟಿ ಓದಿದರು. 21 ಬಗೆಯ ವೈಕಲ್ಯಗಳ ಹೆಸರನ್ನು ಹಾಜರಿ ಕೂಗಿದ ಹಾಗೆ ಕೂಗಿದರು. ಪಕ್ಕದವರು ಬಿಸಿಯೂಟದ ಲೆಕ್ಕ ಬರೆಯುತ್ತಿದ್ದರು. ಕೊನೆಗೆ ದಂಡದ ಸ್ಲೈಡ್ ಬಂತು: ಮೊದಲ ಸಲ ತಪ್ಪಿದರೆ 10,000 ರೂಪಾಯಿವರೆಗೆ, ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷ. ಆಗ ಎಲ್ಲರೂ ತಲೆ ಎತ್ತಿದರು, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಅಷ್ಟೇ ನೆನಪು ಉಳಿದಿದ್ದು.

ಈಗ ನನ್ನ ತಲೆ ತಿನ್ನುತ್ತಿರುವ ಒಂದು ಘಟನೆ ಹೇಳುತ್ತೇನೆ. ಜೂನ್‌ನಲ್ಲಿ ಒಬ್ಬ ತಾಯಿ ಆರು ವರ್ಷದ ಮಗನನ್ನು ಎತ್ತಿಕೊಂಡು ಒಂದು ಶಾಲೆಗೆ ಬಂದರು. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಹೆಡ್‌ಮಾಸ್ಟರ್ "ಮೊದಲು ವೈಕಲ್ಯದ ಸರ್ಟಿಫಿಕೇಟ್ ಮಾಡಿಸಿಕೊಂಡು ಬನ್ನಿ, ಆಮೇಲೆ ಸೇರಿಸಿಕೊಳ್ಳೋಣ" ಅಂದರು. ಆಕೆ ಎರಡು ಸಲ ಜಿಲ್ಲಾ ಆಸ್ಪತ್ರೆಗೆ ಹೋಗಿ ಬಂದರು. ಒಂದು ಸಲ ಡಾಕ್ಟರ್ ರಜೆ, ಇನ್ನೊಂದು ಸಲ ಟೋಕನ್ ಮುಗಿದಿತ್ತು. ನನಗೆ ವಿಷಯ ಗೊತ್ತಾದಾಗ ದಸರಾ ರಜೆ ಹತ್ತಿರ ಬಂದಿತ್ತು. ನಾಲ್ಕು ತಿಂಗಳು ಹುಡುಗ ಮನೆಯಲ್ಲೇ ಇದ್ದ.

ಆ ಹೆಡ್‌ಮಾಸ್ಟರ್ ಕೆಟ್ಟವರಲ್ಲ. ಎರಡನೇ ಸಲ ಆಸ್ಪತ್ರೆಗೆ ಹೋಗುವಾಗ ಬಸ್ ಚಾರ್ಜ್ ಕೊಟ್ಟವರು ಅವರೇ. ಕಾನೂನು ಹಾಗೇ ಹೇಳುತ್ತದೆ ಅಂತ ಅವರು ನಿಜವಾಗಿ ನಂಬಿದ್ದರು. ಶನಿವಾರ ಅವರೂ ಬರುತ್ತಾರೆ. ವಯಸ್ಸಿನಲ್ಲಿ, ಸರ್ವೀಸಿನಲ್ಲಿ ನನಗಿಂತ ಎಷ್ಟೋ ಹಿರಿಯರು.

ನಿದ್ದೆ ಬರಿಸದೆ, ಹೆದರಿಸದೆ ಎರಡು ಗಂಟೆ ಏನು ಹೇಳಲಿ?

ನಿವೃತ್ತ ಹೆಡ್‌ಮಾಸ್ಟರ್

ಅಮ್ಮಾ, ದಂಡದ ಸ್ಲೈಡ್ ಮೊದಲು ಕಿತ್ತುಹಾಕು. ಹೆದರಿದ ಹೆಡ್‌ಮಾಸ್ಟರ್ ಮಗುವಿಗೆ ಸಹಾಯ ಮಾಡುವುದಿಲ್ಲ, ಇನ್ನೊಂದು ಕಾಗದ ಕೇಳುತ್ತಾನೆ. 31 ವರ್ಷ ಆ ಕುರ್ಚಿಯ ಸುತ್ತಮುತ್ತ ಇದ್ದು ಹೇಳುತ್ತಿದ್ದೇನೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ, ಬೇಕಾದರೆ ಶನಿವಾರ ಬಳಸಿಕೋ. ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗ. ಬಾಯಲ್ಲಿ ಕೇಳಿದರೆ ಪಟಪಟ ಅಂತ ಉತ್ತರ. ಬರೆಯಲು ಕೂತರೆ ಅರ್ಧ ಪುಟಕ್ಕೆ ಒಂದು ಗಂಟೆ. ಅಕ್ಷರ ಹಿಂದೆ ಮುಂದೆ. ನಾವು 'ಸೋಮಾರಿ' ಅಂದೆವು. ಮೂರು ವರ್ಷ ಅಂದೆವು. ಬರಹಗಾರರ ಸಹಾಯ, ಹೆಚ್ಚುವರಿ ಸಮಯ, ಭಾಷೆಯಿಂದ ವಿನಾಯಿತಿ ಎಲ್ಲ ಇದೆ, ಅರ್ಜಿ ಶಾಲೆಯಿಂದಲೇ ಪರೀಕ್ಷಾ ಮಂಡಳಿಗೆ ಹೋಗಬೇಕು ಅಂತ ನನಗೆ ಗೊತ್ತಾಗಿದ್ದು ಪರೀಕ್ಷೆಗೆ ಮೂರು ವಾರ ಇರುವಾಗ. ಆಗ ಏನು ಮಾಡಲು ಬರುತ್ತದೆ? ಹುಡುಗ ಎರಡು ವಿಷಯದಲ್ಲಿ ಫೇಲಾದ. ಈಗ ನಮ್ಮೂರ ಬೇಕರಿಯಲ್ಲಿದ್ದಾನೆ. ನನಗೆ ಬೆಣ್ಣೆ ಬಿಸ್ಕತ್ತು ಜಾಸ್ತಿಯೇ ಹಾಕಿ ಕೊಡುತ್ತಾನೆ. ಅದು ಇನ್ನೂ ಕಷ್ಟ.

ಅದಕ್ಕೇ ಕಾಯ್ದೆ ಪುಸ್ತಕ ಬಿಡು. ಶಾಲೆಯ ಕ್ಯಾಲೆಂಡರ್ ಇಟ್ಟುಕೊಂಡು ಹೇಳು. ಜೂನ್‌ನಲ್ಲಿ ದಾಖಲಾತಿ, ಏನು ಕೇಳಬಾರದು. ಎಂಟನೇ ತರಗತಿಯಲ್ಲೇ ಯಾರನ್ನು ಗಮನಿಸಬೇಕು. ಹತ್ತನೇ ತರಗತಿಯಲ್ಲಿ ಅರ್ಜಿ ಯಾವಾಗ. ಹೆಡ್‌ಮಾಸ್ಟರ್‌ಗಳಿಗೆ ಅರ್ಥವಾಗುವ ಭಾಷೆ ತಾರೀಖು.

ಕೋರ್ಟ್ ಕಟ್ಟೆ

ವಕೀಲೆ. ಕೆಲವು ಶಾಲೆಗಳಿಗೆ ಇದೇ ವಿಷಯದ ತರಬೇತಿ ಕೊಟ್ಟಿದ್ದೇನೆ. ನಿಮ್ಮ ಹೆಡ್‌ಮಾಸ್ಟರ್ ತಪ್ಪಿದ್ದು ಎಲ್ಲಿ ಅಂತ ಹೇಳುತ್ತೇನೆ, ಏಕೆಂದರೆ ತುಂಬಾ ಜನ ಅಲ್ಲೇ ತಪ್ಪುತ್ತಾರೆ.

ಶೇಕಡಾ 40 ವೈಕಲ್ಯ ಇರಬೇಕು ಅನ್ನುವ ಸಂಖ್ಯೆ ಎಲ್ಲರ ತಲೆಯಲ್ಲಿ ಕೂತಿದೆ. ಅದು ಬೇಕಾಗುವುದು ಕೆಲವು ಸೌಲಭ್ಯಗಳಿಗೆ. ಉದಾಹರಣೆಗೆ 2016ರ ಕಾಯ್ದೆಯ ಸೆಕ್ಷನ್ 31: ಅಷ್ಟು ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು, ಹತ್ತಿರದ ಶಾಲೆಯಲ್ಲಿ ಅಥವಾ ಮಗುವಿಗೆ ಇಷ್ಟವಾದ ವಿಶೇಷ ಶಾಲೆಯಲ್ಲಿ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, 14 ವರ್ಷಕ್ಕೆ ನಿಲ್ಲುತ್ತದೆ, ಇದು 18ರವರೆಗೆ ಹೋಗುತ್ತದೆ. ಆದರೆ ಸೆಕ್ಷನ್ 16 ನೋಡಿ. ಭೇದ ಮಾಡದೆ ಸೇರಿಸಿಕೊಳ್ಳಬೇಕು, ಮಗುವಿಗೆ ತಕ್ಕ ಅನುಕೂಲ ಮಾಡಿಕೊಡಬೇಕು, ಕಲಿಕೆಯ ತೊಂದರೆ ಇದ್ದರೆ ಬೇಗ ಪತ್ತೆ ಹಚ್ಚಬೇಕು. ಅಲ್ಲಿ 40ರ ಮಾತೇ ಇಲ್ಲ. ಬಾಗಿಲಲ್ಲೇ ಸರ್ಟಿಫಿಕೇಟ್ ಕೇಳುವುದಕ್ಕೆ ಅಲ್ಲಿ ಯಾವ ಆಧಾರವೂ ಇಲ್ಲ. ಆ ಸೆಕ್ಷನ್ನಿನಲ್ಲಿ ಸರ್ಕಾರ 'ಪ್ರಯತ್ನಿಸಬೇಕು' ಅನ್ನುವ ಮೆತ್ತನೆಯ ಪದ ಇದೆ, ನಿಜ. ಯಾರಾದರೂ ಅದನ್ನು ಎತ್ತಿದರೆ ಆರ್‌ಟಿಇ ತೋರಿಸಿ. ಅದರಲ್ಲಿ ಪ್ರಯತ್ನದ ಮಾತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ, ತಡವಾಗಿ ಬಂದಿರಿ ಅಂತಲೂ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ.

ಸುಪ್ರೀಂ ಕೋರ್ಟಿನ ಎರಡು ತೀರ್ಪು ಇಟ್ಟುಕೊಳ್ಳಿ. ಎರಡೂ 2021ರವು. ಫೆಬ್ರವರಿಯ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಗೆ 'ನಿಮಗೆ ಶೇಕಡಾ 40 ಇಲ್ಲ' ಅಂತ ಯುಪಿಎಸ್‌ಸಿ ಬರಹಗಾರರನ್ನು ಕೊಟ್ಟಿರಲಿಲ್ಲ. ಅದು ತಪ್ಪು ಅಂದಿತು ಕೋರ್ಟ್. ಇನ್ನೊಂದು ನವೆಂಬರಿನದು. ಡಿಸ್‌ಗ್ರಾಫಿಯಾ (ಬರೆಯುವುದರಲ್ಲಿ ತೊಂದರೆ) ಇದ್ದ ಹುಡುಗಿ ನೀಟ್ ಬರೆಯುವಾಗ ಅವಳಿಗೆ ಸಿಗಬೇಕಿದ್ದ ಹೆಚ್ಚುವರಿ ಒಂದು ಗಂಟೆ ಕೊಡದೆ ಉತ್ತರ ಪತ್ರಿಕೆ ಕಿತ್ತುಕೊಂಡಿದ್ದರು. ನಿಯಮ ಇತ್ತು, ಪರೀಕ್ಷಾ ಕೇಂದ್ರದವರಿಗೆ ಗೊತ್ತಿರಲಿಲ್ಲ, ಅಷ್ಟೇ. ಸಿಬ್ಬಂದಿಗೆ ಆಗಾಗ ತರಬೇತಿ ಕೊಡಬೇಕು ಅಂತ ಕೋರ್ಟ್ ಆ ತೀರ್ಪಿನಲ್ಲೇ ಹೇಳಿತು. 'ಈ ತರಬೇತಿ ಯಾಕೆ?' ಅಂತ ಯಾರಾದರೂ ಕೇಳಿದರೆ ಇದೇ ಉತ್ತರ.

ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ, ಅದರ ಬಗ್ಗೆಯೂ ಹೇಳಲೇಬೇಕು. ಅನುಮಾನ ಬಂದರೂ ಸಾಕು, ಪೊಲೀಸರಿಗೆ ತಿಳಿಸಬೇಕು. ಹೆಡ್‌ಮಾಸ್ಟರ್‌ಗೆ ಹೇಳಿದೆ, ನನ್ನ ಕೆಲಸ ಮುಗೀತು ಅನ್ನುವ ಹಾಗಿಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಇನ್ನೊಂದು ನಿಮಗೇ ಸಂಬಂಧಪಟ್ಟದ್ದು: ವೈಕಲ್ಯ ಇರುವ ಮಗುವಿನ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ಸಹಾಯ ಕೇಳಬಹುದು ಅಂತ ಕಾಯ್ದೆಯಲ್ಲೇ ಇದೆ. ಮಾತು ಬಾರದ ಮಗುವಿನ ಸನ್ನೆ ಊರಲ್ಲಿ ನಿಮಗೊಬ್ಬರಿಗೇ ಅರ್ಥವಾಗುತ್ತಿರಬಹುದು.

ಅವಳ ಅಮ್ಮ

ನನ್ನ ಮಗಳಿಗೆ ಆಟಿಸಂ. ಮೂರು ಖಾಸಗಿ ಶಾಲೆ ಸುತ್ತಿದೆವು. ಒಂದು ಕಡೆ 'ಸೀಟು ಖಾಲಿ ಇಲ್ಲ' ಅಂದರು. ಅದಕ್ಕೂ ಮೊದಲು, ಅವಳನ್ನು ನೋಡುವ ತನಕ, ಸೀಟು ಇತ್ತು. "ಸರಿ, ಅದನ್ನೇ ಬರೆದುಕೊಡಿ" ಅಂದೆ. ಮೂರನೇ ದಿನ ಫೋನ್ ಬಂತು, ಸೀಟು ಸಿಕ್ಕಿದೆ ಅಂತ. ನಾನು ಅಲ್ಲಿಗೆ ಸೇರಿಸಲಿಲ್ಲ, ಅದು ಬೇರೆ ಮಾತು.

ಒಂದೇ ವಿನಂತಿ. ಮಗುವಿನ ಮುಂದೆ ಮಗುವಿನ ಬಗ್ಗೆ ಮಾತಾಡಬೇಡಿ ಅಂತ ಅವರಿಗೆ ಹೇಳಿ. ಅವಳು ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತಾಳೆ. ಮತ್ತೆ ಸಾಧನ ಸಲಕರಣೆ ಹಂಚಿದ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕುವುದನ್ನು ನಿಲ್ಲಿಸಿ. ನಮ್ಮನ್ನು ಕೇಳಿ ಹಾಕಿ, ಇಲ್ಲ ಸುಮ್ನಿರಿ.

ಡಲ್ಲಾಸ್ ಕನ್ನಡತಿ

ನಾನು ಟೆಕ್ಸಸ್‌ನಲ್ಲಿ ವಿಶೇಷ ಶಿಕ್ಷಣದ ತರಗತಿಯಲ್ಲಿ ಸಹಾಯಕಿ. ಇಲ್ಲಿ ಪ್ರತಿ ಆಗಸ್ಟ್‌ನಲ್ಲಿ ಮಕ್ಕಳು ಬರುವ ಮುಂಚೆ ನಮಗೆ ಕಾನೂನು ಪಾಠ. ಮಗುವಿನ ಮಾಹಿತಿ ಯಾರಿಗೆ ಹೇಳಬಾರದು, ಮಗು ಕೈಮೀರಿದಾಗ ಎಲ್ಲಿ ಹಿಡಿಯಬಾರದು, ಐಇಪಿಯಲ್ಲಿ (ಆ ಮಗುವಿಗೆಂದೇ ಮಾಡಿದ ಕಲಿಕೆಯ ಯೋಜನೆ) ಬರೆದದ್ದನ್ನು ಹಾಗೇ ಮಾಡಬೇಕು ಅಂತೆಲ್ಲ. ವೀಡಿಯೊ ನೋಡಿ, ಪ್ರಶ್ನೆಗೆ ಟಿಕ್ ಹಾಕಿ, ಸರ್ಟಿಫಿಕೇಟ್ ಪ್ರಿಂಟ್ ತೆಗೆದರೆ ಮುಗೀತು. ಪಕ್ಕದವರು ವೀಡಿಯೊ ಓಡಲು ಬಿಟ್ಟು ಬೋರ್ಡ್ ಅಲಂಕಾರ ಮಾಡುತ್ತಿರುತ್ತಾರೆ. ಬಿಸಿಯೂಟದ ಲೆಕ್ಕದ ಹಾಗೇ ಅಲ್ವಾ!

ಆದರೆ ಇದೇ ರಾಜ್ಯದಲ್ಲಿ 2004ರಿಂದ ವರ್ಷಗಟ್ಟಲೆ, ವಿಶೇಷ ಶಿಕ್ಷಣ ಪಡೆಯುವ ಮಕ್ಕಳು ಶೇಕಡಾ 8.5ರ ಆಸುಪಾಸಿನಲ್ಲೇ ಇರಬೇಕು, ಹೆಚ್ಚಾಗಬಾರದು ಅಂತ ಒಂದು ಗುರಿ ಇತ್ತು. 1975ರಿಂದ ವಿಶೇಷ ಶಿಕ್ಷಣಕ್ಕೆ ಕಾನೂನಿದ್ದ ದೇಶದಲ್ಲಿ! 2016ರಲ್ಲಿ ಪತ್ರಿಕೆಯವರು ಬಯಲಿಗೆ ತಂದರು. 2018ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ, ಟೆಕ್ಸಸ್ ಕಾನೂನು ಮುರಿದಿದೆ ಅಂತ ಹೇಳಿತು. ಆದ್ದರಿಂದ ಬರೀ ಟೀಚರ್‌ಗಳಿಗೆ ಪಾಠ ಮಾಡಬೇಡಿ. ನಿಮ್ಮ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರನ್ನೂ ಎರಡು ಗಂಟೆ ಕೂರಿಸಿ.

ಬಸ್ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮುಗೀತು. 60ರಲ್ಲಿ 43 ಜನ ಬಂದರು. ಎರಡು ಗಂಟೆ ಅಂದಿದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ ಇಳಿಯಿತು, ಮಧ್ಯೆ ಆಧಾರ್ ಜೋಡಣೆ ಬಗ್ಗೆ ಒಂದು ಭಾಷಣ ಬಂತು. ಬಿಇಒ ಅವರನ್ನು ಕೂರಿಸಲು ಆಗಲಿಲ್ಲ. ಉದ್ಘಾಟನೆಗೆ ಬಂದರು, ಹೋದರು.

ಪಿಪಿಟಿ ಹಾಕಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಮುಂದೆ ಕೂತೆ. "ನಾನು ತಾಯಿ. ಮಗನಿಗೆ ನಡೆಯಲು ಬರುವುದಿಲ್ಲ. ಒಂದನೇ ಕ್ಲಾಸಿಗೆ ಸೇರಿಸಬೇಕು. ನೀವು ಹೇಳುವ ಮೊದಲ ವಾಕ್ಯ ಚೀಟಿಯಲ್ಲಿ ಬರೆಯಿರಿ, ಹೆಸರು ಬೇಡ" ಅಂದೆ. ಚೀಟಿ ಎಣಿಸಿದೆವು. 26 ಚೀಟಿಯಲ್ಲಿ 'ಸರ್ಟಿಫಿಕೇಟ್' ಇತ್ತು. ಐದರಲ್ಲಿ 'ವಿಶೇಷ ಶಾಲೆ'. ಒಂದರಲ್ಲಿ 'ಕೂತ್ಕೊಳ್ಳಿ ಅಮ್ಮ, ನೀರು ಕುಡೀರಿ' ಅಂತ ಇತ್ತು. ಅದನ್ನು ನಾನು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಆಮೇಲೆ ಸೆಕ್ಷನ್ 16 ಒಂದನ್ನೇ ಕನ್ನಡದಲ್ಲಿ ಓದಿದೆ, ನಿಧಾನಕ್ಕೆ. ಸದ್ದಿರಲಿಲ್ಲ. ಹೆಡ್‌ಮಾಸ್ಟರ್ ಸರ್ ಹೇಳಿದ ಬೇಕರಿ ಹುಡುಗನ ಕಥೆ ಊರು ಹೇಳದೆ ಹೇಳಿದೆ. ಹತ್ತನೇ ತರಗತಿ ತೆಗೆದುಕೊಳ್ಳುವ ನಾಲ್ಕು ಜನ ಅರ್ಜಿ ನಮೂನೆ ಎಲ್ಲಿ ಸಿಗುತ್ತದೆ ಅಂತ ಅಲ್ಲೇ ಕೇಳಿದರು. ಫೋಟೊ ವಿಷಯಕ್ಕೆ ಮಾತ್ರ ಜಗಳ ಆಯಿತು. 'ಮೇಲಿನವರೇ ಫೋಟೊ ಕೇಳುತ್ತಾರೆ, ನಾವೇನು ಮಾಡೋಣ?' ಅಂದರು. ಅದೂ ಸುಳ್ಳಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಹೆಡ್‌ಮಾಸ್ಟರ್ ಕೊನೆಗೆ ಬಂದರು. "ಹಾಗಾದ್ರೆ ಜೂನ್‌ನಲ್ಲಿ ನಾನು ಮಾಡಿದ್ದು ತಪ್ಪಾ?" ಅಂದರು. ಹೌದು ಸರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗನಿಗೆ ಕೂರಲು ಎಂಥ ಕುರ್ಚಿ ಬೇಕು ಅಂತ ಕೇಳಿದರು. ಶಾಲೆಯ ಎಸ್‌ಡಿಎಂಸಿ ಸಮಿತಿಯಲ್ಲಿ ಒಬ್ಬ ಬಡಗಿ ಇದ್ದಾರಂತೆ. ಸೋಮವಾರ ಅಳತೆ ತೆಗೆದುಕೊಳ್ಳಲು ಹೋಗುತ್ತಿದ್ದೇನೆ.

ಪೋಕ್ಸೊಗೆ ಟೈಮೇ ಸಿಗಲಿಲ್ಲ. ಅದಕ್ಕೆ ಬೇರೆ ದಿನ ಬೇಕು ಅಂತ ಬರೆದು ಕೊಟ್ಟಿದ್ದೇನೆ. 'ನೋಡೋಣ' ಅಂದಿದ್ದಾರೆ. ಸ್ವೀಕೃತಿ ಸಹಿ ಹಾಕಿಸಿಕೊಂಡಿದ್ದೇನೆ.